ಕುಸುಮಾಳ ಧ್ವನಿಗೆ ಮಾಡಿದ ಜಾಗ

ಕಳೆದ ಏಪ್ರಿಲ್‌ನಲ್ಲಿ ಲೋಂಡಾದ ಒಂದು ಮದುವೆಗೆಂದು ಬೆಳಗಾವಿಯಿಂದ ಗಾಡಿ ಹತ್ತಿದ್ದೆ. ಖಾನಾಪುರದಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಇಟ್ಟಂಗಿ ಭಟ್ಟಿಯ ಹೊಗೆ ಒಳಗೆ ಬಂತು. ಮಣ್ಣು ಬೇಯುವ ವಾಸನೆ, ಅದರ ಜೊತೆಗೆ ಸುಡುವ ಕಟ್ಟಿಗೆಯ, ಭತ್ತದ ಹೊಟ್ಟಿನ ವಾಸನೆ. ಆ ಊರಲ್ಲಿ ಕಾಲಿಡದೆ ಇಪ್ಪತ್ತು ವರ್ಷದ ಮೇಲಾಗಿತ್ತು. ಯಾಕೆ ಎದ್ದೆನೋ ಗೊತ್ತಿಲ್ಲ. ಗಾಡಿ ಮುಂದೆ ಹೋದಾಗ ನಾನು ಪ್ಲಾಟ್‌ಫಾರ್ಮಿನ ಮೇಲೆ ಕೈಚೀಲ ಹಿಡಿದು ನಿಂತಿದ್ದೆ. ಮದುವೆಗೆ ಹೋಗಲಿಲ್ಲ.

ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ನಾವು ಬಾಡಿಗೆಗಿದ್ದ ಮನೆ ಈಗ ಇಲ್ಲ. ಆ ಜಾಗದಲ್ಲಿ ಸಿಮೆಂಟಿನ ಎರಡು ಮಜಲು ಎದ್ದಿದೆ. ಎದುರಿನ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಒಳಗಿನಿಂದ ಯಾರೋ ಹೆಣ್ಣುಮಗಳು ತನ್ನ ಮಗುವನ್ನು ಕೂಗಿ ಕರೆದಳು. ನಾನು ಎದ್ದು ನಿಂತೆ. ಅದು ಕುಸುಮಾಳ ಧ್ವನಿಯ ಹಾಗೆಯೇ ಇತ್ತು ಎಂದು ಬರೆಯಬೇಕೆನ್ನಿಸುತ್ತದೆ. ಆದರೆ ಕುಸುಮಾಳ ಧ್ವನಿ ಹೇಗಿತ್ತೆಂಬುದು ನನಗೀಗ ನೆನಪಿಲ್ಲ.

ಎರಡು ಸಾವಿರದ ಒಂದನೇ ಇಸವಿಯ ಮಾತು. ಕುಸುಮಾ ನನ್ನ ಹೆಂಡತಿ. ಖಾನಾಪುರದ ಒಂದು ಕನ್ನಡ ಶಾಲೆಯಲ್ಲಿ ಸಣ್ಣ ತರಗತಿಯ ಮಕ್ಕಳಿಗೆ ಟೀಚರ್. ಮನೆಯಲ್ಲಿ ಮರಾಠಿ ಆಡುವ ಮಕ್ಕಳೂ ಅವಳ ತರಗತಿಗೆ ಬರುತ್ತಿದ್ದವು. ಗದರಿಸುವುದು ಮರಾಠಿಯಲ್ಲಿ, ರಮಿಸುವುದು ಕನ್ನಡದಲ್ಲಿ ಎಂದು ಅವಳೇ ನಗುತ್ತಿದ್ದಳು. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಡ್ರಾಯಿಂಗ್ ಆಫೀಸಿನಲ್ಲಿದ್ದೆ. ಎರಕದ ಅಚ್ಚುಗಳ ನಕಾಶೆ ತೆಗೆಯುವ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ನಮ್ಮ ಮಗಳು ಗೌರಿಗೆ ಆಗಷ್ಟೇ ಮೂರು ತುಂಬಿತ್ತು. ನಾವಿಬ್ಬರೂ ಹೊರಗಿದ್ದಾಗ ಪಕ್ಕದ ಮನೆಯ ಸಾವಿತ್ರಿ ಮಾವಶಿ ಅವಳನ್ನು ನೋಡಿಕೊಳ್ಳುತ್ತಿದ್ದಳು.

ಅದರ ಹಿಂದಿನ ದೀಪಾವಳಿಯಿಂದಲೇ ಕುಸುಮಾಳ ಗಂಟಲು ಕಟ್ಟಿತ್ತು. ಬೋರ್ಡಿನ ಮೇಲೆ ಬರೆಯುವ ಖಡುವಿನ ಧೂಳು, ಭಟ್ಟಿಯ ಹೊಗೆ, ದಿನವಿಡೀ ಮಕ್ಕಳ ಮೇಲೆ ಕೂಗುವುದು ಎಂದು ನಮಗೆ ನಾವೇ ಹೇಳಿಕೊಂಡೆವು. ಶುಂಠಿ, ಬೆಲ್ಲ, ಅರಿಸಿನದ ಹಾಲು ಎಲ್ಲ ಆಯಿತು. ಹೋಳಿಯ ಹೊತ್ತಿಗೆ ಅವಳ ಮಾತು ಹರಕು ಬಟ್ಟೆಯಂತೆ ನಡುನಡುವೆ ಬಿಟ್ಟು ಬಿಟ್ಟು ಕೇಳಿಸತೊಡಗಿತು. ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟಲಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ಡಾಕ್ಟರು ನಮ್ಮನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಧ್ವನಿಪೆಟ್ಟಿಗಿ ಪೂರಾ ತೆಗೀಬೇಕಾಗ್ತದ್ರಿ. ಜೀವ ಉಳೀಬೇಕಂದ್ರ ಅದೊಂದ ದಾರಿ."

"ಮಾತು?" ಎಂದಳು ಕುಸುಮಾ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಾತು ಬರೂದಿಲ್ರಿ. ಗಾಯ ಮಾಯ್ದ ಮ್ಯಾಲ ಕುತ್ತಿಗಿಗೆ ಹಿಡಕೊಂಡ ಮಾತಾಡೂ ಮಷೀನ್ ಒಂದು ಸಿಗತದ. ಅದು ಮುಂದಿನ ಮಾತು."

ತಪಾಸಣೆಗಳು ಬಾಕಿ ಇದ್ದವು, ಅವಳ ಮೈಯಲ್ಲಿ ರಕ್ತ ಕಡಿಮೆ ಇತ್ತು, ಆಪರೇಶನ್ ಮಾಡುವ ಸರ್ಜನ್ ಹೊರಗಿನಿಂದ ಬರಬೇಕಿತ್ತು. ಮೇ ತಿಂಗಳ ಕೊನೆಗೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ಗಂಟಲಿಗೆ ಆಯಾಸ ಮಾಡಬಾರದು ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ಪೀರನವಾಡಿ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಆಮೇಲೆ ಕೇಳಿದಳು. "ರೀ, ಗೌರಿಗಿ ನನ್ನ ದನಿ ನೆನಪಿರತೈತೇನ್ರೀ?"

ನನಗೆ ನನ್ನ ಮೂರನೆಯ ವಯಸ್ಸಿನ ಯಾವ ಧ್ವನಿಯೂ ನೆನಪಿರಲಿಲ್ಲ. ಆದರೂ "ಇರತೈತಿ" ಎಂದೆ. ಅವಳು ನಂಬಲಿಲ್ಲ.

ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಕ್ಯಾಸೆಟ್ ತರುತ್ತೇನೆ, ನಿನ್ನ ಮಾತು ತುಂಬಿಡೋಣ ಎಂದು ನಾನೇ ಹೇಳಿದೆ. ಅವಳು ಕೈಯಾಡಿಸಿದಳು. "ಕ್ಯಾಸೆಟ್ ಬ್ಯಾಡ್ರೀ. ನಮ್ಮ ಮದುವೀದು ಏನಾತ ನೋಡಿದ್ರಲ್ಲ." ಖಾನಾಪುರದ ಮಳೆಗಾಲದ ತಂಪಿಗೆ ನಮ್ಮ ಮದುವೆಯ ಕ್ಯಾಸೆಟ್ ಬೂಸ್ಟು ಹಿಡಿದು ಬೆಳ್ಳಗಾಗಿತ್ತು. ಹಚ್ಚಿ ನೋಡಿದಾಗ ಯಂತ್ರವೇ ಅದನ್ನು ಜಗಿದು ಹಾಕಿತ್ತು.

"ನಿಮ್ಮ ಆ ಕರೀ ಪೆಟಗ್ಯಾಗ ತುಂಬಾಕ ಬರೂದಿಲ್ಲೇನು?" ಎಂದಳು.

ಕರೀ ಪೆಟಗಿ ಎಂದರೆ ನನ್ನ ಲ್ಯಾಪ್‌ಟಾಪ್. ಆಫೀಸಿನವರು ಹಳೆಯದಾಯಿತೆಂದು ಗುಜರಿಗೆ ಹಾಕಲು ತೆಗೆದಿಟ್ಟದ್ದನ್ನು ನಾನು ಕೇಳಿ ತಂದಿದ್ದೆ. ಇಟ್ಟಂಗಿಯಷ್ಟು ಭಾರ. ಬ್ಯಾಟರಿ ಸತ್ತಿದ್ದರಿಂದ ಕರೆಂಟಿದ್ದರೆ ಮಾತ್ರ ಜೀವ. ಅದರ ಡಿಸ್ಕು ಐನೂರು ಎಂಬಿಯದು, ಇವತ್ತು ಫೋನಿನಲ್ಲಿ ತೆಗೆದ ಒಂದು ಮದುವೆಯ ವಿಡಿಯೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ವಿಂಡೋಸ್ ಹಾಕಿದರೆ ಅದು ಏದುಸಿರು ಬಿಡುತ್ತಿತ್ತು. ಬೆಳಗಾವಿಯ ಖಡೇಬಜಾರಿನ ಒಂದು ಸಂದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಇಕ್ಬಾಲ್ ನನ್ನ ಗೆಳೆಯ. ಅವನೇ ಆ ಚಳಿಗಾಲದಲ್ಲಿ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಡಿಸ್ಕನ್ನು ತನ್ನ ದೊಡ್ಡ ಕಂಪ್ಯೂಟರಿಗೆ ಜೋಡಿಸಿ, ಪತ್ರಿಕೆಯೊಂದರ ಜೊತೆ ಬಂದಿದ್ದ ಸಿಡಿಯಿಂದ ಲಿನಕ್ಸ್ ಹಾಕಿಕೊಟ್ಟಿದ್ದ. ಅದನ್ನು ಕಲಿಯುವುದೇ ನನಗೆ ಆ ದಿನಗಳ ಹುಚ್ಚಾಗಿತ್ತು. ಆ ಹುಚ್ಚು ಇಂಥ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಶಾಲೆಗೆ ಬೇಸಿಗೆ ಸೂಟಿ ಬಿದ್ದಿತ್ತು. ನಾನೂ ರಜೆ ಹಾಕಿದೆ. ಇಕ್ಬಾಲ್ ಕೊಟ್ಟ ಸಣ್ಣ ಮೈಕನ್ನು ಸಿಕ್ಕಿಸಿ, ಕಿಟಕಿ ಮುಚ್ಚಿ, ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಮಧ್ಯಾಹ್ನ ಭಟ್ಟಿಯ ಲಾರಿಗಳ ಓಡಾಟ ಕಡಿಮೆ ಇರುತ್ತಿತ್ತು. ಕುಸುಮಾ ಸೆರಗು ಸರಿಮಾಡಿಕೊಂಡು, ಇನ್‌ಸ್ಪೆಕ್ಟರು ಬಂದಾಗ ನಿಂತಂತೆ ನೆಟ್ಟಗೆ ಕೂತು, "ಗೌರೀ, ನಾನು ನಿಮ್ಮವ್ವ" ಎಂದು ಶುರು ಮಾಡಿದಳು. ಅವಳು ನಿಲ್ಲಿಸುವುದಕ್ಕೂ ಮೊದಲೇ ಯಂತ್ರ ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಪರದೆಯ ಮೇಲೆ ಒಂದು ಸಾಲು ಬಂತು.

"ಏನಂತೈತಿ?"

"ಜಾಗಾ ಇಲ್ಲಂತ."

"ಮತ್ತ ಏನ ತುಂಬೇತಿ ಅದರಾಗ? ತಗೀರಿ, ನೋಡೂಣು."

ಹಾಗೆ ಶುರುವಾಯಿತು ನಮ್ಮ ಆ ಬೇಸಿಗೆಯ ಕೆಲಸ. ಅಟ್ಟ ಸ್ವಚ್ಛ ಮಾಡುವಾಗ ಒಂದೊಂದೇ ಡಬ್ಬಿ ಕೆಳಗಿಳಿಸಿ ಇದು ಬೇಕೋ ಬೇಡವೋ ಎಂದು ಕೇಳುವ ಹಾಗೆ ಡಿಸ್ಕಿನ ಒಂದೊಂದು ಮೂಲೆಯನ್ನೂ ತೆರೆದು ಅವಳಿಗೆ ಹೇಳುತ್ತಿದ್ದೆ. ಯಾವುದು ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ಆಜ್ಞೆಯನ್ನು, ಎಷ್ಟು ಉಳಿದಿದೆ ಎಂದು ಹೇಳುವ ಆಜ್ಞೆಯನ್ನು, ಅಳಿಸುವ ಆಜ್ಞೆಯನ್ನು ಅವಳು ಎರಡೇ ದಿನಕ್ಕೆ ಕಲಿತಳು. ಜಾಗ ನೋಡುವ ಆಜ್ಞೆಗೆ ಡಿ, ಎಫ್ ಎಂದು ಎರಡೇ ಅಕ್ಷರ. "ರೀ, ಡಿಎಫ್ ಹೊಡೀರಿ" ಎಂದು ಅಡುಗೆಮನೆಯಿಂದಲೇ ಹೇಳುವಳು. ಹೊಸದಾಗಿ ಎಷ್ಟು ಜಾಗವಾಯಿತೆಂದು ಕೇಳಿ, ಒಲೆಯ ಮೇಲಿನದನ್ನು ಕಲಕುತ್ತ ಅದು ಎಷ್ಟು ಮಾತಿಗೆ ಸಾಲುತ್ತದೆಂದು ಲೆಕ್ಕ ಹಾಕುವಳು.

ಮೊದಲು ಹೋದದ್ದು ಕಿಟಕಿ, ಚಿತ್ರ, ಬಾಣದ ಗುರುತು ಎಲ್ಲ ಇದ್ದ ಅಂದದ ಪರದೆ. ಅದಿಲ್ಲದೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲೇ ಕೆಲಸ ನಡೆಯುತ್ತಿತ್ತು. ಆಮೇಲೆ ಪ್ರೋಗ್ರಾಮ್ ಬರೆಯುವವರಿಗೆ ಬೇಕಾದ ಸಾಮಾನು. ನಾನು ಕಲಿಯಬೇಕೆಂದು ಇಟ್ಟುಕೊಂಡದ್ದು ಅದು. "ಮುಂದ ಕಲೀಬಹುದು" ಎಂದು ಅಳಿಸಿದೆ. ಗೌರಿ ಗುಂಡಿ ಒತ್ತಿ ಒತ್ತಿ ಆಡುತ್ತಿದ್ದ ಬಣ್ಣದ ಗುಂಡಿನ ಆಟವೂ ಹೋಯಿತು. ಅವಳು ದಿನವಿಡೀ ರಂಪ ಮಾಡಿದಳು. ಸಹಾಯದ ಪುಟಗಳು, ತರತರದ ಅಕ್ಷರಗಳು ಎಲ್ಲ ಹೋದವು. ಒಂದು ಕಡೆ ಅದೇ ಸೂಚನೆಗಳು ನಾನಾ ದೇಶದ ಭಾಷೆಗಳಲ್ಲಿ ತುಂಬಿಕೊಂಡಿದ್ದವು. ನಾನು ಹೆಸರು ಓದುತ್ತ ಹೋದೆ, ಪೋಲಿಶ್, ಪೋರ್ಚುಗೀಸ್, ಜಪಾನಿ, ಫಿನ್ನಿಶ್.

"ನಮ್ದು?" ಎಂದಳು.

"ಇಲ್ಲ."

"ಮರಾಠಿ?"

"ಅದೂ ಇಲ್ಲ."

"ಹಂಗಾರ ಎಲ್ಲಾ ತಗೀರಿ. ನಾ ಎರಡೂ ಮಾತಾಡ್ತೇನಿ."

ಕೊನೆಗೆ ಇಕ್ಬಾಲ್ ಇನ್ನೊಂದು ದಾರಿ ಹೇಳಿದ. ಡಿಸ್ಕಿನಲ್ಲಿ ಇಪ್ಪತ್ತಕ್ಕೆ ಒಂದು ಭಾಗವನ್ನು ಲಿನಕ್ಸ್ ಆಪತ್ಕಾಲಕ್ಕೆಂದು ಬೇರೆ ತೆಗೆದಿಟ್ಟಿರುತ್ತದೆ, ಉಳಿದವರಿಗೆ ಅದು ಕಾಣುವುದಿಲ್ಲ, ಬೇಕಾದರೆ ಅದನ್ನೂ ಬಿಡಿಸಿಕೊಳ್ಳಬಹುದು ಎಂದ. ಹಾಗೆ ಮಾಡಿದರೆ ಯಂತ್ರ ಕೈಕೊಡುವ ಹೆದರಿಕೆ ಇದೆಯೆಂದೂ ಹೇಳಿದ. ನಾನು ಮನೆಗೆ ಬಂದು ಕುಸುಮಾಳಿಗೆ ತಿಳಿಸಿದೆ. "ಇದಕಿಂತ ಆಪತ್ತು ಇನ್ನ ಯಾವದ ಬರಬೇಕ್ರೀ?" ಎಂದಳು. ಅದನ್ನೂ ಬಿಡಿಸಿಕೊಂಡೆವು.

ಜಾಗವಾಯಿತು. ಆದರೆ ಧ್ವನಿ ಇದ್ದ ಹಾಗೆಯೇ ಇಟ್ಟರೆ ಒಂದೊಂದು ನಿಮಿಷಕ್ಕೆ ಬಹಳ ಜಾಗ ಬೇಕು. ಅದನ್ನು ಹಿಂಡಿ ಸಣ್ಣದು ಮಾಡುವ ಪ್ರೋಗ್ರಾಮ್ ಒಂದನ್ನು ಇಕ್ಬಾಲ್ ಹಾಕಿಕೊಟ್ಟ. ಅವನ ಅಂಗಡಿಯಲ್ಲಿ ಕೂತು ಬೇರೆ ಬೇರೆ ಅಳತೆಯಲ್ಲಿ ಹಿಂಡಿ ನೋಡಿದೆವು. ಬಹಳ ಹಿಂಡಿದಾಗ ಕುಸುಮಾ ಕೇಳಿ ನಕ್ಕಳು. "ಸ್ಟೇಶನ್ನಿನ ಮೈಕಿನ್ಯಾಗ ಗಾಡಿ ತಡಾ ಐತಿ ಅಂದಂಗ ಆತು."

ಇಕ್ಬಾಲ್ ನಗಲಿಲ್ಲ. "ಅಣ್ಣಾರ, ಎಷ್ಟ ಹಿಂಡತೀರಿ ಅಷ್ಟ ಜಾಗಾ ಉಳೀತೈತಿ. ಆದ್ರ ಭಾಭೀದು ಆವಾಜ್ ಭಾಭೀದ ಉಳಿಯಂಗಿಲ್ಲ. ಮಾತು ಕಮ್ಮಿ ಆಡ್ಲಿ, ದನಿ ಚೊಲೊ ಇರ್ಲಿ."

ಅವನ ಮಾತಿನಂತೆಯೇ ಮಾಡಿದೆವು. ಸ್ವಲ್ಪ ಮಾತು ತುಂಬುವುದು, ಆ ಬಡ ಯಂತ್ರ ಅದನ್ನು ಗರಗರ ಎನ್ನುತ್ತ ಹಿಂಡುವವರೆಗೆ ಕಾಯುವುದು, ಮೂಲವನ್ನು ಅಳಿಸಿ ಜಾಗ ಮಾಡಿಕೊಳ್ಳುವುದು, ಮತ್ತೆ ತುಂಬುವುದು. ಹಿಂಡುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ನಡುವೆ ಕರೆಂಟು ಹೋದರೆ ಮೊದಲಿನಿಂದ. ಆ ಹೊತ್ತಿನಲ್ಲಿ ಅವಳ ಗಂಟಲಿಗೂ ವಿಶ್ರಾಂತಿ ಸಿಗುತ್ತಿತ್ತು. ಹೊರಗೆ ಮಳೆ ಬರುವುದರೊಳಗೆ ಕೊನೆಯ ಭಟ್ಟಿ ಇಳಿಸಬೇಕೆಂದು ಕೂಲಿಯವರು ಅವಸರ ಮಾಡುತ್ತಿದ್ದರು. ಒಳಗೆ ನಾವೂ ಅವಸರದಲ್ಲಿದ್ದೆವು.

ನೆಟ್ಟಗೆ ಕೂತು ಭಾಷಣದಂತೆ ಮಾತಾಡುವುದನ್ನು ಅವಳು ಬೇಗ ಬಿಟ್ಟಳು. "ಇಂಥಾದ್ದ ಕೇಳಿ ಆಕಿ ಏನ ಮಾಡ್ತಾಳ? ದಿನಾ ಆಡೂ ಮಾತ ಇರ್ಲಿ" ಎಂದಳು. ಹಾಗಾಗಿ ಮೈಕನ್ನು ಹೊಸಿಲಿಗೆ ತಂದಿಟ್ಟೆ. ಅಂಗಳದಲ್ಲಿ ಆಡುವ ಮಗಳನ್ನು ಅವಳು ಕರೆಯುವುದು, "ಏ ಗೌರೀ, ಇಟ್ಟಂಗಿ ಧೂಳದಾಗ ಆಡಬ್ಯಾಡ ಅಂದ್ನಿಲ್ಲ? ಬಾ ಒಳಗ" ಎಂದು ಬೈಯುವುದು. ತಲೆ ಬಾಚುವಾಗ ಒಂದು, ಎರಡು ಎಣಿಸುವುದು. ರೊಟ್ಟಿ ಬಡಿಯುವಾಗ ಹಿಟ್ಟಿಗೆ ನೀರು ಎಷ್ಟು ಬೇಕೆಂದು ಹೇಳುವುದು, ಜೊತೆಗೆ ರೊಟ್ಟಿಯ ಸಪ್ಪಳ. ನರಿಯೊಂದು ಮಲಪ್ರಭೆಗೆ ನೀರು ಕುಡಿಯಲು ಬಂದು ತನ್ನ ಬಾಲವನ್ನೇ ಮರೆತುಹೋದ ಕತೆಯನ್ನು ತಾನೇ ಕಟ್ಟಿ ಹೇಳಿದಳು. ಗೌರಿ ಮೊದಲ ದಿನ ಶಾಲೆಗೆ ಹೋಗುವಾಗ ಕೇಳಲೆಂದು ಒಂದು, ದೊಡ್ಡವಳಾದಾಗ ಕೇಳಲೆಂದು ಒಂದು, ಅಪ್ಪನ ಮೇಲೆ ಸಿಟ್ಟು ಬಂದಾಗ ಕೇಳಲೆಂದು ಒಂದು. "ನಿಮ್ಮಪ್ಪ ಮಾತಿಗೆ ನಿಧಾನ ಇದ್ದಾನ, ತಿಳಕೊಳ್ಳಾಕ ಅಲ್ಲ" ಎಂದು ಆ ಕೊನೆಯದರಲ್ಲಿ ಹೇಳಿದ್ದು ನೆನಪಿದೆ. ಮಾತು ನೆನಪಿದೆ, ಧ್ವನಿಯಲ್ಲ.

ಮೇ ಮುಗಿಯುತ್ತ ಬಂದಂತೆ ಅವಳ ಧ್ವನಿಯಲ್ಲಿ ಗಾಳಿಯೇ ಹೆಚ್ಚಾಗಿ ಮಾತು ಕಡಿಮೆಯಾಗುತ್ತ ಹೋಯಿತು. ಬೆಳಗಾವಿಗೆ ಹೊರಡುವ ದಿನ ಬೆಳಿಗ್ಗೆ ಇನ್ನೊಂದಿಷ್ಟು ತುಂಬೋಣವೆಂದು ಕೂತೆವು. ಎರಡು ಮಾತು ಆಡಿ ಕೆಮ್ಮಿದಳು. ನೀರು ಕುಡಿದಳು. ಮತ್ತೆ ಬಾಯಿ ತೆರೆದು, "ಸಾಕ್ರೀ. ಬಂದ್ ಮಾಡ್ರಿ" ಎಂದಳು. ಯಂತ್ರದಲ್ಲಿ ಕೊನೆಗೆ ತುಂಬಿದ ಮಾತು ಅದೇ.

ಆಪರೇಶನ್ ಆದ ವಾರವೇ ಮಳೆ ಹಿಡಿಯಿತು. ಗಾಯ ಮಾಯ್ದ ಮೇಲೆ ದಿನಾ ಆಸ್ಪತ್ರೆಗೆ ಹೋಗಿ ಗಂಟಲಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಬೇಕಿತ್ತು, ಹಾಗೆಂದು ಬೆಳಗಾವಿಯ ಹಿಂದವಾಡಿಯಲ್ಲಿ ಒಂದು ಕೋಣೆ, ಅಡುಗೆಮನೆಯ ಮನೆ ಹಿಡಿದೆವು. ಸಾವಿತ್ರಿ ಮಾವಶಿಯ ಹತ್ತಿರ ಬಿಟ್ಟಿದ್ದ ಗೌರಿಯನ್ನು ಕರೆತಂದೆ. ಕುಸುಮಾಳ ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಮಾಡಿದ ತೂತು, ಅದರ ಮೇಲೆ ಕಟ್ಟಿದ ಬಿಳಿ ಬಟ್ಟೆ. ಗೌರಿ ಬಾಗಿಲಲ್ಲೇ ನಿಂತಳು. ಕುಸುಮಾ ಕೈ ಚಾಚಿ "ಬಾ" ಎಂದಳು. ತುಟಿ ಅಲುಗಿತು, ಸದ್ದು ಬರಲಿಲ್ಲ.

"ಅವ್ವಾ, ಜೋರಾಗಿ ಹೇಳ" ಎಂದಳು ಗೌರಿ.

ಕುಸುಮಾ ಮತ್ತೆ ಹೇಳಿದಳು. ಅದೇ ತುಟಿ, ಅದೇ ಮೌನ. ಗೌರಿ ನನ್ನ ಕಾಲು ಹಿಡಿದುಕೊಂಡು ಅಳತೊಡಗಿದಳು. ನನಗೆ ತೋಚಿದ್ದು ಒಂದೇ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಹಚ್ಚಿದೆ. "ಏ ಗೌರೀ, ಬಾ ಒಳಗ" ಎಂಬ ಮಾತು ಕೋಣೆಯ ತುಂಬ ಕೇಳಿಸಿತು. ಗೌರಿಯ ಅಳು ನಿಂತಿತು. ಓಡಿಹೋಗಿ ಆ ಕರಿ ಪೆಟ್ಟಿಗೆಗೆ ಕೆನ್ನೆ ಹಚ್ಚಿದಳು. ನಾನು ಕುಸುಮಾಳ ಕಡೆ ನೋಡಿದೆ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. ನಾವು ಪಟ್ಟ ಕಷ್ಟಕ್ಕೆ ಫಲ ಸಿಕ್ಕಿತು ಎಂದು ನಾನು ಅಂದುಕೊಂಡೆ.

ಆ ಮಳೆಗಾಲದಲ್ಲಿ ಹಿಂದವಾಡಿಯ ಆ ಕೋಣೆಯಲ್ಲಿ ಕುಸುಮಾಳ ಮಾತು ಕೇಳಿಸುತ್ತಲೇ ಇತ್ತು. ಊಟಕ್ಕೆ ನರಿಯ ಕತೆ, ತಲೆ ಬಾಚಲು ಎಣಿಕೆ, ಮಲಗಲು ರೊಟ್ಟಿಯ ಸಪ್ಪಳ. ಮೊದಮೊದಲು ಗುಂಡಿ ಒತ್ತುತ್ತಿದ್ದವಳು ಕುಸುಮಾಳೇ. ಕತೆ ನಡೆಯುವಾಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೂ ತುಟಿ ಆಡಿಸುತ್ತಿದ್ದಳು. ಆದರೆ ಗೌರಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ತಾಯಿಯ ಮುಖ ನೋಡುತ್ತಿರಲಿಲ್ಲ. ಬರಬರುತ್ತ ತೊಡೆಯಿಂದ ಇಳಿದು ಮೇಜಿನ ಹತ್ತಿರ ನಿಲ್ಲತೊಡಗಿದಳು. ಡಾಕ್ಟರು ಹೇಳಿದ್ದ ಕುತ್ತಿಗೆಯ ಮಷೀನಿನ ಬೆಲೆ ನಮ್ಮ ಕೈಗೆ ನಿಲುಕುವಂತಿರಲಿಲ್ಲ. ಕುಸುಮಾ ನನ್ನ ಜೊತೆ ಮಾತಾಡಲು ಪಾಟಿ, ಬಳಪ ಇಟ್ಟುಕೊಂಡಿದ್ದಳು. ಗೌರಿಗೆ ಓದು ಬರದು. ಅವರಿಬ್ಬರ ನಡುವೆ ಮಾತಿನ ದಾರಿ ಆ ಯಂತ್ರ ಒಂದೇ ಆಗಿತ್ತು.

ಆಗಸ್ಟಿನ ಒಂದು ದಿನ ಸಾವಿತ್ರಿ ಮಾವಶಿ ಖಾನಾಪುರದಿಂದ ಬುತ್ತಿ ಕಟ್ಟಿಕೊಂಡು ನೋಡಲು ಬಂದಿದ್ದಳು. ಗೌರಿ ಹೊರಗಿನ ಪಾವಟಿಗೆಯ ಮೇಲೆ ಜಾರಿ ಬಿದ್ದು ಮೊಳಕಾಲು ಕೆತ್ತಿಸಿಕೊಂಡಳು. ಚೀರುತ್ತ ಒಳಗೆ ಓಡಿಬಂದಳು. ಕುಸುಮಾ ಹಾಸಿಗೆಯಿಂದ ಎದ್ದು ಎರಡೂ ಕೈ ಚಾಚಿದಳು. ಗೌರಿ ಆ ಕೈಗಳ ಬಾಜೂಕೇ ಓಡಿ ಮೇಜಿನ ಹತ್ತಿರ ಹೋದಳು. "ಅಪ್ಪಾ, ಅವ್ವನ್ನ ಹಚ್ಚು! ಅವ್ವನ್ನ ಹಚ್ಚು!"

"ಅಗ ಪೋರಿ, ಅವ್ವ ಇಲ್ಲಿ ಅದಾಳಲ್ಲ" ಎಂದಳು ಮಾವಶಿ.

ಗೌರಿ ತಿರುಗಿ ನೋಡಿದಳು. "ಅಕಿ ಅಲ್ಲ. ಮಾತಾಡೂ ಅವ್ವ."

ಕುಸುಮಾಳ ಕೈಗಳು ಇನ್ನೂ ಚಾಚಿಯೇ ಇದ್ದವು. ಆಮೇಲೆ ಅವಳು ಅವನ್ನು ಮಡಿಲಿಗೆ ಇಳಿಸಿಕೊಂಡಳು. ಮಾವಶಿ ಮುಖ ತಿರುಗಿಸಿ ಬುತ್ತಿಯ ಗಂಟು ಬಿಚ್ಚತೊಡಗಿದಳು. ನಾನು ಯಂತ್ರ ಹಚ್ಚಲಿಲ್ಲ, ಗೌರಿಯ ಕಾಲು ತೊಳೆದೆ.

ಗಣಪತಿ ಹಬ್ಬ ಎದುರಿಗಿತ್ತು. ಫೌಂಡ್ರಿಯಲ್ಲಿ ಅರ್ಧ ದಿನ ಕೆಲಸವಿದ್ದ ದಿನ ಊಟದ ಹೊತ್ತಿಗೇ ಮನೆಗೆ ಬಂದೆ. ಗೌರಿ ಮಲಗಿದ್ದಳು. ಕುಸುಮಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ಡಿಎಫ್ ಹೊಡೆದ ಸಾಲು. ಬೇಸಿಗೆಯಲ್ಲಿ ಒಂದೊಂದು ಎಂಬಿಗೂ ತಡಕಾಡಿದ ಆ ಡಿಸ್ಕು ಈಗ ಅರ್ಧಕ್ಕೂ ಹೆಚ್ಚು ಖಾಲಿ ಎಂದು ತೋರಿಸುತ್ತಿತ್ತು.

"ಏನ ಮಾಡಿದಿ?" ಎಂದೆ. ಕೇಳಬೇಕಾದ ಅಗತ್ಯವಿರಲಿಲ್ಲ. ಅವಳ ಧ್ವನಿಯ ಎಲ್ಲ ತುಣುಕುಗಳನ್ನೂ ಅವಳೇ ಅಳಿಸಿದ್ದಳು.

ಬೇರೆ ಪ್ರತಿ ಇರಲಿಲ್ಲ. ಇಕ್ಬಾಲ್ ಸಿಡಿ ಬರೆಯುವ ಯಂತ್ರ ತರಿಸುವವನಿದ್ದ, ತರಿಸಿದ ಮೇಲೆ ಮಾಡಿಸೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಆದರೆ ಲಿನಕ್ಸ್‌ನಲ್ಲಿ ಅಳಿಸಿದ್ದು ಕೂಡಲೇ ಇಲ್ಲವಾಗುವುದಿಲ್ಲ, ಅದರ ಮೇಲೆ ಬೇರೇನಾದರೂ ಬರೆಯುವವರೆಗೆ ಡಿಸ್ಕಿನ ಮೇಲೆ ಅದರ ಗುರುತು ಇರುತ್ತದೆ ಎಂಬುದು ನನಗೆ ಗೊತ್ತಿತ್ತು. ತಾಳ್ಮೆಯಿಂದ ಹುಡುಕಿದರೆ ಬಹಳಷ್ಟು ಮರಳಿ ಸಿಗುತ್ತಿತ್ತು. ಅವಳನ್ನು ಸರಿಸಿ ಕೂತೆ. ಹೊಸದೇನೂ ಬರೆಯದಂತೆ ಡಿಸ್ಕಿಗೆ ತಡೆ ಹಾಕುವ ಆಜ್ಞೆ ಹೊಡೆಯಲು ಶುರು ಮಾಡಿದೆ.

ಅವಳು ನನ್ನ ಕೈಯ ಮೇಲೆ ಕೈಯಿಟ್ಟಳು. ಪಾಟಿ ತೆಗೆದುಕೊಂಡು ಬರೆದಳು. "ಆಕಿಗಿ ಇಬ್ಬರು ಅವ್ವಗೋಳು ಬ್ಯಾಡ."

"ಸಣ್ಣ ಕೂಸದು, ಕುಸುಮಾ. ನಾಳೆ ದೊಡ್ಡಾಕಿ ಆಗ್ತಾಳ, ತಿಳೀತೈತಿ ಆಕಿಗಿ. ಆವಾಗ ಬೇಕಾಗತೈತಿ."

ಅವಳು ತಲೆ ಅಲ್ಲಾಡಿಸಿದಳು. ಒರೆಸಿ ಮತ್ತೆ ಬರೆದಳು. "ನಾ ಇನ್ನೂ ಇದ್ದೇನಿ."

ನನಗೆ ಸಿಟ್ಟು ಬಂತು. ಮಗಳು ಮಲಗಿದ್ದಾಳೆಂಬ ಪರಿವೆ ಇಲ್ಲದೆ ಕೂಗಿದೆ. "ಮತ್ತ ನನಗ? ನನಗ ಬ್ಯಾಡೇನು ಅದು?"

ಅವಳು ನನ್ನನ್ನೇ ನೋಡಿದಳು. ಅದನ್ನು ಅವಳು ಯೋಚಿಸಿರಲಿಲ್ಲವೋ ಏನೋ. ಬಳಪ ಹಿಡಿದ ಕೈ ಬಹಳ ಹೊತ್ತು ಪಾಟಿಯ ಮೇಲೆ ನಿಂತಿತ್ತು. ಕೊನೆಗೆ ಬರೆದಳು. "ನಿಮಗ ನೆನಪಿರತೈತಿ."

ನಾನು ಕೈ ತೆಗೆದೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ.

ವಾರದ ರಜೆಯ ದಿನ ಅದನ್ನು ಇಕ್ಬಾಲನ ಅಂಗಡಿಗೆ ಒಯ್ದೆ. ಕಳಿಸಿದವಳು ಕುಸುಮಾಳೇ. ಬೇಸಿಗೆಯಲ್ಲಿ ತೆಗೆದು ಹಾಕಿದ್ದ ಆಟಗಳನ್ನೂ ಬಣ್ಣದ ಪರದೆಯನ್ನೂ ಮತ್ತೆ ಹಾಕಿಸಿಕೊಂಡು ಬನ್ನಿ, ಮಗಳು ಆಡಿಕೊಳ್ಳಲಿ ಎಂದು ಪಾಟಿಯ ಮೇಲೆ ಬರೆದಿದ್ದಳು. ನಾನು ಆದದ್ದೆಲ್ಲ ಹೇಳಿದೆ. ಇಕ್ಬಾಲ್ ಡಿಸ್ಕು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತ.

"ಅಣ್ಣಾರ, ಇದರ ಮ್ಯಾಲ ಬರದ್ರ ಮತ್ತ ಹೊರಗ ತಗ್ಯಾಕ ಬರಂಗಿಲ್ಲ. ಭಾಭೀಗೆ ಗೊತ್ತಾಗದಂಗ ಒಂದ ಕಡೆ ತಗದ ಇಡ್ಲೇನು?"

ಆ ಕ್ಷಣದಲ್ಲಿ ಹೂಂ ಎಂದಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು. ಆದರೆ ಆ ಧ್ವನಿ ನನ್ನದಾಗಲಿ ಗೌರಿಯದಾಗಲಿ ಆಗಿರಲಿಲ್ಲ, ಅವಳದಾಗಿತ್ತು. ಅವಳು ಬದುಕಿದ್ದಳು, ಬೇಡ ಎಂದಿದ್ದಳು.

"ಬ್ಯಾಡ. ಹಾಕು" ಎಂದೆ.

ಅವನು ಕಣ್ಣೊರೆಸಿಕೊಂಡು ಸಿಡಿ ಹಾಕಿದ. ಅದು ಮುಗಿಯುವವರೆಗೆ ನಾನು ಅಂಗಡಿಯಲ್ಲಿ ಕೂರಲಾರದೆ ಕೋಟೆಯ ಕೆರೆಯವರೆಗೆ ನಡೆದು ಹೋಗಿ ಬಂದೆ.

ಗೌರಿ ಕೆಲವು ದಿನ ಮಾತಾಡುವ ಅವ್ವ ಬೇಕೆಂದು ಅತ್ತಳು. ಕುಸುಮಾ ಅವಳನ್ನು ಬಿಡದೆ ಎತ್ತಿಕೊಂಡು ಓಡಾಡಿದಳು. ಉಸಿರು ಕಟ್ಟಿದರೂ ಕೆಳಗಿಳಿಸಲಿಲ್ಲ. ಆಮೇಲೆ ಒಂದು ದಿನ ಅಳುವುದನ್ನು ನಿಲ್ಲಿಸಿ, ಗೌರಿ ತನ್ನ ಎರಡು ಕೈಗಳಲ್ಲಿ ತಾಯಿಯ ಗಲ್ಲ ಹಿಡಿದು ತುಟಿಗಳನ್ನು ನೋಡತೊಡಗಿದಳು. ದಸರೆಯ ಹೊತ್ತಿಗೆ ಸಣ್ಣ ಸಣ್ಣ ಮಾತು ಅವಳಿಗೆ ತಿಳಿಯುತ್ತಿದ್ದವು. ದೀಪಾವಳಿಗೆ ಖಾನಾಪುರಕ್ಕೆ ಮರಳಿದೆವು. ಸಂತೆಯಲ್ಲಿ ಕುಸುಮಾ ತುಟಿ ಆಡಿಸಿದರೆ ಗೌರಿ ಕಾಯಿಪಲ್ಯದವಳಿಗೆ ಜೋರಾಗಿ ಹೇಳುವಳು. "ನಮ್ಮವ್ವ ಬದನಿಕಾಯಿ ಹುಳಕ ಅದಾವು ಅಂತಾಳ!" ಕುಸುಮಾ ಅಷ್ಟು ಹೇಳಿರುತ್ತಿರಲಿಲ್ಲ, ಅರ್ಧ ಇವಳೇ ಸೇರಿಸಿದ್ದು. ಸಂತೆಯವರು ನಗುತ್ತಿದ್ದರು, ಕುಸುಮಾ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಗುತ್ತಿದ್ದಳು. ನಾನೊಬ್ಬನೇ ಆ ತುಟಿಗಳ ಮಾತು ಓದುವುದರಲ್ಲಿ ಹಿಂದೆ ಬಿದ್ದೆ. ನನಗೆ ಪಾಟಿ ಬೇಕಾಗುತ್ತಿತ್ತು. ಆ ಚಳಿಗಾಲ ನಮ್ಮ ಮನೆಯಲ್ಲಿ ಮತ್ತೆ ಸುಖವಿತ್ತು.

ಸಂಕ್ರಾಂತಿ ಕಳೆದ ಮೇಲೆ ಕುತ್ತಿಗೆಯ ಬದಿಯಲ್ಲಿ ಗಂಟು ಕಾಣಿಸಿತು. ಈ ಸಲ ಡಾಕ್ಟರು ಬಾಗಿಲು ಮುಂದೆ ಮಾಡುವುದಕ್ಕೂ ಹೋಗಲಿಲ್ಲ. ಎಲ್ಲ ಕಡೆ ಹರಡಿತ್ತು.

ಹೋಳಿಗೆ ಮೊದಲು ಅವಳು ಮತ್ತೆ ಬೆಳಗಾವಿಯ ಆಸ್ಪತ್ರೆಯಲ್ಲಿದ್ದಳು. ಪಾಟಿ ಹಿಡಿಯುವ ಶಕ್ತಿಯೂ ಹೋಗಿತ್ತು. ಕೊನೆಯ ದಿನ ಮಧ್ಯಾಹ್ನ ಸಾವಿತ್ರಿ ಮಾವಶಿ ಗೌರಿಯನ್ನು ಕರೆತಂದಳು. ಗೌರಿಯನ್ನು ಎತ್ತಿ ಮಂಚದ ಮೇಲೆ ತಾಯಿಯ ಬಾಜೂಕೆ ಕೂರಿಸಿದೆ. ಅವಳು ಎಂದಿನಂತೆ ಆ ಗಲ್ಲವನ್ನು ಎರಡು ಕೈಯಲ್ಲಿ ಹಿಡಿದಳು. ಕುಸುಮಾ ಕಣ್ಣು ತೆರೆದಳು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ನಾನು ಬಗ್ಗಿ ನೋಡಿದೆ. ನನಗೆ ಏನೂ ತಿಳಿಯಲಿಲ್ಲ.

"ಏನಂತಾಳವಾ?" ಎಂದೆ.

ಗೌರಿ ತಾಯಿಯ ಮುಖದಿಂದ ಕಣ್ಣು ತೆಗೆಯದೆಯೇ ಹೇಳಿದಳು. "ನಿಮ್ಮಪ್ಪಂದು ಊಟ ಆತೇನ ಕೇಳು ಅಂತಾಳ."

"ಆತು ಅಂತ ಹೇಳು" ಎಂದೆ ಮಗಳಿಗೆ.

ಗೌರಿ ತಿರುಗಿ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನನ್ನನ್ನು ನೋಡಿದಳು. "ಆಕಿಗಿ ಕೇಳಸ್ತೈತಿ, ಅಪ್ಪಾ. ನೀನ ಹೇಳು."

ಕುಸುಮಾಳ ಕಿವಿಯ ಹತ್ತಿರ ಬಗ್ಗಿದೆ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. "ಊಟ ಆತು, ಕುಸುಮಾ" ಎಂದೆ. "ಮಾವಶಿ ರೊಟ್ಟಿ ತಂದಿದ್ಲು. ಹೊಟ್ಟಿ ತುಂಬ ಉಂಡೆ."